ಬಟ್ಟಲಿನ ಅಂಚು

ನಮ್ಮ ಕಡೆ ನೀರು ಕುಡಿಯುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಚೊಂಬನ್ನು ಮೇಲಕ್ಕೆತ್ತಿ, ತುಟಿಗೆ ತಾಗಿಸದೆ, ಧಾರೆಯಾಗಿ ಗಂಟಲಿಗೆ ಬಿಟ್ಟುಕೊಳ್ಳುವುದು ಮಕ್ಕಳಿಗೆ ನಡಿಗೆಯ ಜೊತೆಗೇ ಬಂದುಬಿಡುತ್ತದೆ. ಕಚ್ಚಿ ಕುಡಿದರೆ ಎಂಜಲು. ಹೆಬ್ಬಾಳದ ಕೆರೆಯಾಚೆಯ ಸಣ್ಣ ದೇವಾಲಯಕ್ಕೆ ಬರುತ್ತಿದ್ದ ಕ್ರೈಸ್ತರೂ ಮನೆಯಲ್ಲಿ ಹೀಗೇ ಕುಡಿಯುತ್ತಿದ್ದರು. ಮತ ಬದಲಾದದ್ದು ಅಜ್ಜಂದಿರ ಕಾಲದಲ್ಲಿ. ನಾಲಿಗೆ ಮಾತ್ರ ಈ ನೆಲದ್ದೇ ಆಗಿ ಉಳಿದಿತ್ತು. ತಿಂಗಳಿಗೊಂದು ಭಾನುವಾರ, ಕರ್ತನ ಭೋಜನದ ಹೊತ್ತಿಗೆ, ಎಲ್ಲರೂ ಒಂದೇ ಬೆಳ್ಳಿ ಬಟ್ಟಲಿಗೆ ಬಾಯಿಟ್ಟು ದ್ರಾಕ್ಷಾರಸ ಕುಡಿಯಬೇಕಿತ್ತು. ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು. ಮುಚ್ಚಿದ್ದು ಭಕ್ತಿಗೋ ಅಸಹ್ಯಕ್ಕೋ ಎಂದು ಕೇಳುವ ದರ್ದು ಯಾರಿಗೂ ಇರಲಿಲ್ಲ.

ಆ ಬಟ್ಟಲಿಗೆ ಎಲ್ಲರಂತೆ ತಾನೂ ಬಾಯಿಡಬೇಕು ಎಂಬ ಒಂದೇ ಆಸೆ ಹೊತ್ತು ಪಟಾಲಮ್ಮ ಅಲ್ಲಿಗೆ ಬಂದದ್ದು ಐವತ್ತೇಳನೇ ಇಸವಿಯ ಬೇಸಿಗೆಯಲ್ಲಿ.

ಅವಳು ಬ್ಯಾಟರಾಯನಪುರದ ಒಕ್ಕಲು ಮನೆತನದ ಹೆಣ್ಣು. ಬಾಗಲಗುಂಟೆಗೆ ಕೊಟ್ಟಿದ್ದರು. ಮದುವೆಯಾದ ಕೆಲವು ವರ್ಷಕ್ಕೆ ಬೆನ್ನ ಮೇಲೆ ಸ್ಪರ್ಶವಿಲ್ಲದ ಮಚ್ಚೆಯೊಂದು ಎದ್ದಿತು, ಆಮೇಲೆ ಬೆರಳುಗಳು ಒಳಕ್ಕೆ ಮಡಿಚಿಕೊಳ್ಳತೊಡಗಿದವು. ಗಂಡ ಅವಳನ್ನು ಗಾಡಿಯಲ್ಲಿ ತವರಿಗೆ ಕರೆತಂದು, ತಾನು ಗಾಡಿಯಿಂದ ಇಳಿಯದೆ ಹೋರಿಗಳನ್ನು ತಿರುಗಿಸಿಕೊಂಡು ಹೋದ. ಊರಿನವರು ಕುಷ್ಠ ಎಂಬ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಅಣ್ಣ ಮುನಿಯಣ್ಣ ಅವಳನ್ನು ಊರಾಚೆಯ ಮಿಷನ್ ಆಸ್ಪತ್ರೆಗೆ ಸೇರಿಸಿ ಕೈತೊಳೆದುಕೊಂಡ.

ಆಸ್ಪತ್ರೆಯಲ್ಲಿ ಕಡಲಾಚೆಯ ಸೀಮೆಯಿಂದ ಬಂದ ಮುದುಕ ಪಾದ್ರಿಯೊಬ್ಬರಿದ್ದರು. ಅವರ ಕನ್ನಡ ಕೇಳಿದರೆ ನಗು ಬರುತ್ತಿತ್ತು. ದೇವರ ಕೃಪೆ ಸುಮ್ಮನೆ ಸಿಗುವಂಥದ್ದು, ಅದಕ್ಕೆ ನಾವು ಕೊಡಬೇಕಾದ್ದು ಏನೂ ಇಲ್ಲ, ಅದು ಸಿಕ್ಕಿದ ಮೇಲೆ ಯಾವ ಮನುಷ್ಯನೂ ಬಿಸಾಡುವ ವಸ್ತುವಲ್ಲ ಎಂದು ಅವರು ಹೇಳುತ್ತಿದ್ದರೆ ಪಟಾಲಮ್ಮ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಲೋಕದಲ್ಲಿ ಸುಮ್ಮನೆ ಸಿಗುವುದು ರೋಗವೊಂದೇ ಎಂದು ಅವಳ ಅನುಭವ. ಆದರೆ ಒಂದು ಭಾನುವಾರ ಪ್ರಾರ್ಥನೆಯ ಕೋಣೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದಾಗ ಅವಳ ಕಣ್ಣೆದುರಿಗೇ ಒಂದು ಸಂಗತಿ ನಡೆಯಿತು. ಮೂಗು ಕುಸಿದವರು, ತುಟಿ ಊದಿದವರು ಸಾಲಾಗಿ ಬಂದು ಒಂದೇ ಬಟ್ಟಲಿನಿಂದ ಕುಡಿದರು. ಕೊನೆಗೆ ತಳದಲ್ಲಿ ಸ್ವಲ್ಪ ಉಳಿಯಿತು. ಉಳಿದದ್ದನ್ನು ಚೆಲ್ಲಬಾರದು, ಬಡಿಸಿದ ಪಾದ್ರಿಯೇ ಕುಡಿಯಬೇಕು ಎಂಬುದು ಆ ಮಿಷನ್ನಿನ ಎಲ್ಲ ಸಭೆಗಳ ಕಟ್ಟಳೆ. ಮುದುಕ ಬಟ್ಟಲನ್ನು ಎತ್ತಿ, ಅಷ್ಟೂ ಬಾಯಿಗಳು ತಾಗಿದ ಅಂಚಿಗೆ ತನ್ನ ಬಾಯಿಟ್ಟು ಕುಡಿದರು. ಆಮೇಲೆ ನೀರು ಹಾಕಿ ಅಲುಗಿಸಿ, ಅಂಬಲಿಯ ತಳವನ್ನೂ ಬಿಡದ ಬೇಸಾಯಗಾರನ ಹಾಗೆ, ಆ ನೀರನ್ನೂ ಕುಡಿದು ಬಾಯಿ ಒರೆಸಿಕೊಂಡರು.

ಹೆತ್ತ ತಾಯಿ ಕೂಡ ಕೊನೆಕೊನೆಗೆ ಅವಳ ತಟ್ಟೆಯನ್ನು ಕಡ್ಡಿಯಿಂದ ತಳ್ಳುತ್ತಿದ್ದಳು. ಪಟಾಲಮ್ಮ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮುಂದೆ ದೀಕ್ಷಾಸ್ನಾನ ಕೇಳಿ ತೆಗೆದುಕೊಂಡಳು. ಅವಳಿಗೆ ಕೃಪಾಮಣಿ ಎಂದು ಹೆಸರಿಟ್ಟರು. ಯಾರು ಎಷ್ಟು ಬೋಧನೆ ಮಾಡಿದರೂ ಅವಳ ಪಾಲಿಗೆ ಕೃಪೆ ಎಂದರೆ ಆ ಮುದುಕನ ಆ ಗುಟುಕು.

ಹೊಸ ಮಾತ್ರೆಗಳು ಬಂದವು. ವರ್ಷಗಟ್ಟಲೆ ನುಂಗಿದ ಮೇಲೆ ಡಾಕ್ಟರು ಅವಳ ಕಿವಿಯ ಹಾಲೆ ಕೆರೆದು ಪರೀಕ್ಷೆ ಮಾಡಿ, ರೋಗ ಹೋಯಿತು, ಇನ್ನು ಯಾರಿಗೂ ಅಂಟುವುದಿಲ್ಲ ಎಂದರು. ಮಡಿಚಿದ ಬೆರಳುಗಳು ಮಾತ್ರ ಹಾಗೇ ಉಳಿದವು. ಊರಿಗೆ ಹೋದಾಗ ಮುನಿಯಣ್ಣ ಅಂಗಳದಲ್ಲೇ ನಿಂತು, "ಕೊಟ್ಟಿಗೆ ಮಗ್ಗುಲಾಗೆ ಜಾಗ ಐತೆ, ಇರು. ಊಟ ಎಲೆ ಮ್ಯಾಲೆ ತಂದಿಕ್ತಾರೆ," ಎಂದ. ಅವನ ಮಟ್ಟಿಗೆ ಅದು ಉಪಕಾರವೇ. ಅವಳು ಅದೇ ಕಾಲಲ್ಲಿ ಹಿಂದಕ್ಕೆ ಬಂದಳು. ಮುದುಕ ಪಾದ್ರಿ ಸೀಮೆಗೆ ಹೊರಟುಹೋಗುವ ಮುಂಚೆ ಅದೇ ಮಿಷನ್ನಿಗೆ ಸೇರಿದ ಹೆಬ್ಬಾಳದ ಸಭೆಯ ಪಾದ್ರಿ ಜ್ಞಾನಮಿತ್ರ ಅಯ್ಯನವರಿಗೆ ಒಂದು ಮಾತು ಹೇಳಿಟ್ಟಿದ್ದರು. ಹಾಗೆ ಅವಳಿಗೆ ದೇವಾಲಯದ ಹಿಂದಿನ ಸಣ್ಣ ಕೋಣೆ ಸಿಕ್ಕಿತು. ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು ಅವಳ ಕೆಲಸ.

ಗಂಟೆಯೆಂದರೆ ಅವಳಿಗೆ ಪ್ರಾಣ. ಬೆರಳು ಹಿಡಿತಕ್ಕೆ ಬಾರದ್ದರಿಂದ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆಯುತ್ತಿದ್ದಳು. ಕೊಟ್ಟಿಗೆಯ ಮಗ್ಗುಲಲ್ಲಿ ಕೊಳೆಯಬೇಕಿದ್ದ ಕೈ ಇದು; ಇದು ಎಳೆದರೆ ಬಳ್ಳಾರಿ ರಸ್ತೆಯವರೆಗಿನ ಜನ ಎದ್ದು ಪ್ರಾರ್ಥನೆಗೆ ಬರುತ್ತಾರೆ. ದೇವರು ತನ್ನನ್ನು ಉಳಿಸಿದ್ದು ಸುಮ್ಮನೆ ಅಲ್ಲ, ಕೆಲಸಕ್ಕೆ ಎಂದು ಅವಳು ನಂಬಿದಳು. ನಂಬಿ ಸುಖವಾಗಿದ್ದಳು.

ಸಭೆಯವರೂ ಅವಳಿಗೆ ಇನ್ನೊಂದು ಕೆಲಸ ಕಂಡುಹಿಡಿದಿದ್ದರು. ಯಶವಂತಪುರದಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ದಾನಿಯೇಲಪ್ಪ ಸಭೆಯ ಹಿರಿಯರು. ಹೊರಗಿನಿಂದ ಅತಿಥಿಗಳು ಬಂದಾಗಲೆಲ್ಲ ಅವಳನ್ನು ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸುವುದು ಅವರದೇ ಏರ್ಪಾಡು. ದೇವರು ನನ್ನನ್ನು ಕಸದಿಂದ ಎತ್ತಿದ, ಬೆಲೆಯಿಲ್ಲದವಳಿಗೆ ಬೆಲೆ ಕೊಟ್ಟ ಎಂದು ಅವಳು ಹೇಳಿದರೆ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಮಾತ್ರ ಅವಳು ಕೃಪಾಮಣಿ. ಅತಿಥಿಗಳ ಕಾರು ಕೆರೆಯ ಏರಿ ದಾಟಿದ ಮೇಲೆ ಮತ್ತೆ ಪಟಾಲಮ್ಮ, ನೀರು ತಾ.

ಅಲ್ಲಿ ಅವಳ ಮೊದಲ ಕರ್ತನ ಭೋಜನದ ಹಿಂದಿನ ದಿನ ಸಂಜೆ ಜ್ಞಾನಮಿತ್ರ ಅಯ್ಯನವರು ಅವಳ ಕೋಣೆಯ ಬಾಗಿಲಿಗೆ ಬಂದರು. ಮೃದು ಸ್ವಭಾವದ ಮನುಷ್ಯ. ಯಾರನ್ನಾದರೂ ನೋಯಿಸುವ ಮುಂಚೆ ತಾವೇ ನೊಂದುಕೊಳ್ಳುವ ಜಾತಿ.

"ಪಟಾಲಮ್ಮ, ನಾಳೆ ನೀನು ಎಲ್ಲರಾದ ಮೇಲೆ ಕೊನೇಲಿ ಬಾ. ಇನ್ನೊಂದು ಏನೂಂದ್ರೆ, ಬಟ್ಟಲನ್ನ ಎತ್ತಿ ಕುಡಿದುಬಿಡು. ತುಟಿಗೆ ತಾಗಿಸ್ಬೇಡ. ನಂಬಿಕೇಲಿ ಬಲ ಇಲ್ಲದವರು ಕೆಲವರಿದ್ದಾರೆ, ಅವರಿಗೋಸ್ಕರ."

"ಅವ್ರಿಗೋಸ್ಕರ ಅಂದ್ರೆ ಆಗ್ಲಿ ಅಯ್ಯನೋರೆ," ಎಂದಳು.

ಮರುದಿನ ಕೊನೆಯಲ್ಲಿ ಬಂದು ಮೊಣಕಾಲೂರಿದಳು. ಭಾರವಾದ ಬೆಳ್ಳಿಯ ಬಟ್ಟಲು. ನೆಟ್ಟಗಿರುವ ಕೈಗೇ ಎತ್ತಿ ಕುಡಿಯುವುದು ಕಷ್ಟ, ಇನ್ನು ಈ ಕೈಗೆ ಹೇಗಾದೀತು? ಎತ್ತಿದಳು, ಬಟ್ಟಲು ವಾಲಿ ಕೆಂಪು ರಸ ಗಲ್ಲದ ಮೇಲಿಂದ ಇಳಿದು ಬಿಳಿ ಸೀರೆಯ ಮೇಲೆ ಚೆಲ್ಲಿತು. ಹಿಂದಿನಿಂದ ಯಾರೋ ಉಸಿರು ಎಳೆದುಕೊಂಡರು. ಅಯ್ಯನವರು ಗಾಬರಿಯಲ್ಲಿ ಬಟ್ಟಲು ಕಿತ್ತುಕೊಂಡು, "ಬಾಯಿ ತೆಗಿ," ಎಂದು ಮೇಲಿನಿಂದ ಸುರಿದರು. ಅವಳು ಬಾಯಿ ತೆರೆದಳು, ಕುಡಿದಳು.

ಕುಡಿಯುವಾಗ ಅವಳಿಗೆ ನೆನಪಾದದ್ದು ತವರಿನ ಕಣ. ಅಲ್ಲಿ ಕೂಲಿಗೆ ಬಂದ ಕೇರಿಯ ಜನ ಬೊಗಸೆ ಒಡ್ಡಿ ಕೂತಿರುತ್ತಿದ್ದರು, ಹುಡುಗಿಯಾಗಿದ್ದ ಅವಳು ಎತ್ತರದಿಂದ ನೀರು ಹೊಯ್ಯುತ್ತಿದ್ದಳು. ಅದು ಹೇಗನ್ನಿಸುತ್ತದೆ ಎಂದು ಅವಳಿಗೆ ಈಗ ಗೊತ್ತಾಯಿತು.

ಆವತ್ತು ಸಂಜೆ ಅವಳೇ ಅಯ್ಯನವರ ಮನೆಗೆ ಹೋದಳು. ಜಗುಲಿಯ ಕೆಳಗೆ ನಿಂತು, "ಅಯ್ಯನೋರೆ, ಕೊನೇಗೇ ಬತ್ತೀನಿ, ಯಾವತ್ತೂ ಮುಂದಕ್ ಬರಾಕಿಲ್ಲ. ಆದ್ರೆ ಎಲ್ರಂಗೆ ತುಟಿ ಇಟ್ಟು ಕುಡಿಯಾಕೆ ಬುಡಿ. ನಂದ್ ಆದ್‌ಮ್ಯಾಗೆ ಕುಡಿಯೋರು ನೀವೊಬ್ರೇ ತಾನೆ? ನಿಮ್ಗೇನೂ ಬಲ ಕಮ್ಮಿ ಇಲ್ವಲ್ಲ," ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಮನಸಾರೆ ಹೇಳಿದಳು.

ಅಯ್ಯನವರ ಕಣ್ಣಲ್ಲಿ ನೀರಾಡಿತು. "ಆಗಲಮ್ಮ, ಹಾಗೇ ಮಾಡು," ಎಂದರು.

ಆಮೇಲಿನ ದಿನಗಳು ಅವಳ ಬದುಕಿನಲ್ಲೇ ಚೆನ್ನಾದ ದಿನಗಳು. ತಿಂಗಳ ಆ ಭಾನುವಾರಕ್ಕಾಗಿ ಅವಳು ಕಾಯುತ್ತಿದ್ದಳು. ಸೀರೆಯನ್ನು ಒಗೆದು ನೀಲಿ ಹಾಕುತ್ತಿದ್ದಳು. ಕೊನೆಯವಳಾಗಿ ಹೋಗಿ, ತಣ್ಣಗಿನ ಬೆಳ್ಳಿಗೆ ತುಟಿಯಿಟ್ಟು ಒಂದು ಗುಟುಕು ಕುಡಿಯುತ್ತಿದ್ದಳು. ಅಯ್ಯನವರು ಬಟ್ಟಲು ತೆಗೆದುಕೊಂಡು, ಜನರಿಗೆ ಬೆನ್ನು ಮಾಡಿ ಮೇಜಿನ ಕಡೆ ತಿರುಗಿ, ತಲೆಯನ್ನು ಹಿಂದಕ್ಕೆ ಎತ್ತುತ್ತಿದ್ದರು. ಅದನ್ನು ನೋಡಿಯೇ ಅವಳು ಎದ್ದು ಹೋಗುತ್ತಿದ್ದಳು. ತನ್ನ ಬಾಯಿ ತಾಗಿದ ಕಡೆ ಇನ್ನೊಬ್ಬ ಮನುಷ್ಯನ ಬಾಯಿ ತಾಗುತ್ತದೆ. ಅಷ್ಟು ಸಾಕಾಗಿತ್ತು ಅವಳಿಗೆ. ನೀರು ಹೊರುವಾಗ ಹಾಡು ಗುನುಗುತ್ತಿದ್ದಳು. ಸಾಕ್ಷಿ ಹೇಳುವಾಗ ದನಿ ನಡುಗುತ್ತಿರಲಿಲ್ಲ. ಹೀಗೆ ವರ್ಷದ ಮೇಲಾಯಿತು.

ಸುಗ್ಗಿ ಹಬ್ಬದ ಭಾನುವಾರ ದೇವಾಲಯದ ತುಂಬ ರಾಗಿ ತೆನೆ, ಕುಂಬಳಕಾಯಿ, ಬಾಳೆಗೊನೆ. ಆರಾಧನೆ, ಕರ್ತನ ಭೋಜನ ಎಲ್ಲ ಮುಗಿದ ಮೇಲೆ ಜನ ಹೊರಗೆ ಕಾಣಿಕೆಯ ಹರಾಜಿನಲ್ಲಿ ಸೇರಿದ್ದರು. ನೆಲದಲ್ಲಿ ಉದುರಿದ ರಾಗಿಯನ್ನು ಗುಡಿಸಬೇಕೆಂದು ಪಟಾಲಮ್ಮ ಪೊರಕೆ ತರಲು ಹಿತ್ತಲಿಗೆ ಬಂದಳು. ಅಯ್ಯನವರು ನಿಲುವಂಗಿ ಬದಲಿಸುವ ಕೋಣೆಯ ಹಿಂಬಾಗಿಲು ತೆರೆದಿತ್ತು. ಅಯ್ಯನವರು ಹೊಸ್ತಿಲ ಮೇಲೆ ಬಗ್ಗಿ ನಿಂತಿದ್ದರು. ಕೈಯಲ್ಲಿ ಬೆಳ್ಳಿ ಬಟ್ಟಲು. ಅದರಲ್ಲಿದ್ದ ಕೆಂಪನ್ನು ಅವರು ಬೂದಿಗುಂಡಿಯ ಪಕ್ಕಕ್ಕೆ ಚೆಲ್ಲಿದರು. ಪಕ್ಕದಲ್ಲೇ ಅವರ ಹೆಂಡತಿ ಸುಗುಣಮ್ಮ ಕುದಿಯುವ ನೀರಿನ ಕೆಟಲು ಹಿಡಿದುಕೊಂಡಿದ್ದರು. ಆತುರವಿಲ್ಲ, ಅಂಜಿಕೆಯಿಲ್ಲ; ದಿನವೂ ಮಾಡುವ ಕೆಲಸದ ಹಾಗೆ ಇವರು ಬಟ್ಟಲು ಒಡ್ಡಿದರು, ಅವರು ನೀರು ಹೊಯ್ದರು. ಆಮೇಲೆ ಬಾಗಿಲು ಹಾಕಿಕೊಂಡರು.

ಪಟಾಲಮ್ಮ ಅಲ್ಲಿಗೆ ಹೋಗಿ ನೋಡಿದಳು. ಮಣ್ಣು ಕೆಂಪಾಗಿತ್ತು, ಆಗಲೇ ಇರುವೆ ಮುತ್ತಿದ್ದವು. ಕರ್ತನ ರಕ್ತ ಎಂದು ಹೇಳಿ ಕೊಡುವ ರಸ, ತನ್ನ ಬಾಯಿ ತಾಗಿದ್ದಕ್ಕೆ ಬೂದಿಗುಂಡಿ ಸೇರಿದೆ. ರೋಗ ತಗುಲಿದಾಗಲೂ ಅವಳಿಗೆ ಇಷ್ಟು ಸಂಕಟವಾಗಿರಲಿಲ್ಲ. ಮೊಂಡು ಕೈಗಳಿಂದಲೇ ಮಣ್ಣು ಎಳೆದು ಅದನ್ನು ಮುಚ್ಚಿದಳು.

ಮರುದಿನ ಸುಗುಣಮ್ಮ ಹಿತ್ತಲಿನಲ್ಲಿ ಮೊರದ ತುಂಬ ಕಪ್ಪು ದ್ರಾಕ್ಷಿ ಇಟ್ಟುಕೊಂಡು ತೊಟ್ಟು ಬಿಡಿಸುತ್ತಿದ್ದರು. ಯಲಹಂಕದ ಕಡೆಯ ತೋಟದ ಹಣ್ಣು. ಅದನ್ನು ಕುದಿಸಿ ಶೋಧಿಸಿ ಅವರೇ ದ್ರಾಕ್ಷಾರಸ ಮಾಡುತ್ತಿದ್ದರು. ಪಟಾಲಮ್ಮ ಕೊಡ ಇಳಿಸಿ ನಿಂತಳು.

"ಅಮ್ಮಾವ್ರೆ, ಅಯ್ಯನೋರು ಯಾವತ್ತಿಂದ ಚೆಲ್ತಾವ್ರೆ?"

ಸುಗುಣಮ್ಮ ತಲೆಯೆತ್ತಲಿಲ್ಲ. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ. "ಮೊದಲಿಂದಾನೂ," ಎಂದರು.

"ಒಂದ್ ಸಲಾನೂ ಕುಡೀಲಿಲ್ವಾ?"

"ಇಲ್ಲ. ನಾನೇ ಅವರ ಹತ್ರ ಮಾತು ತಗೊಂಡೆ. ಮಕ್ಕಳಿರೋ ಮನೆ ಪಟಾಲಮ್ಮ. ಬೈಯೋದಾದ್ರೆ ನನ್ನ ಬೈ."

"ಡಾಕ್ಟ್ರು ರೋಗ ಇಲ್ಲ ಅಂದವ್ರಲ್ಲ."

"ಗೊತ್ತು. ಗೊತ್ತಿದ್ದೂ ಆಗಲ್ಲ. ನಿನ್ನ ಕೈಲಿ ಸುಳ್ಳು ಯಾಕೆ ಹೇಳ್ಲಿ, ಆಗಲ್ಲ."

"ಮತ್ತೆ ತಲೆ ಹಿಂದಕ್ ಎತ್ತಿದ್ದು?"

ಒಂದು ಹಣ್ಣು ಸುಗುಣಮ್ಮನ ಬೆರಳಿನಲ್ಲಿ ಹಿಸುಕಿಹೋಯಿತು. ಪಟಾಲಮ್ಮ ಕೊಡವನ್ನು ಸೊಂಟಕ್ಕೇರಿಸಿ ಹೊರಟಳು. ಸುಗುಣಮ್ಮನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಎಂದರೆ ಏನೆಂದು ಅವಳಿಗೆ ಗೊತ್ತು. ಸಿಟ್ಟು ಬಂದದ್ದು ಆ ಕತ್ತಿನ ಮೇಲೆ, ಏನೂ ಕುಡಿಯದೆ ಹಿಂದಕ್ಕೆ ವಾಲುತ್ತಿದ್ದ ಆ ಮೃದು ಮನುಷ್ಯನ ಕತ್ತಿನ ಮೇಲೆ. ಮುನಿಯಣ್ಣನಾದರೂ ಎದುರಿಗೇ ಕೊಟ್ಟಿಗೆ ತೋರಿಸಿದ್ದ.

ಸಭೆಯ ವಾರ್ಷಿಕೋತ್ಸವ ಬಂತು. ಸೀಮೆಯಿಂದ ಗಂಡಹೆಂಡತಿ ಇಬ್ಬರು ದೊಡ್ಡ ಅತಿಥಿಗಳಾಗಿ ಬರುವವರಿದ್ದರು. ದಾನಿಯೇಲಪ್ಪ ರೈಲಿಗೆ ಹಸಿರು ಬಾವುಟ ತೋರಿಸಿದ ಅಭ್ಯಾಸದಲ್ಲೇ ಎಲ್ಲರಿಗೂ ಕೈಸನ್ನೆ ಮಾಡುತ್ತ ಓಡಾಡಿದರು. ಪಟಾಲಮ್ಮನನ್ನು ಕರೆದು ಹೇಳಿದರು.

"ಈ ಸಲ ಚಿಕ್ಕದಾಗಿ ಹೇಳು ಕಣಮ್ಮ, ಇಂಗ್ಲಿಷಿಗೆ ಮಾಡಿ ಹೇಳಬೇಕಲ್ಲ. ಆಸ್ಪತ್ರೆ ವಿಷಯ ಬಂದಾಗ ಕೊಂಚ ನಿಧಾನ ಮಾಡು. ಕೈ ಮುಂದಿಟ್ಟುಕೋ, ಸೆರಗಿನೊಳಗೆ ಮುಚ್ಚಿಕೋಬೇಡ."

"ಆಗ್ಲಿ ಗಾರ್ಡಯ್ಯೋರೆ," ಎಂದಳು.

ಆವತ್ತು ಅವಳು ಎಂದಿಗಿಂತ ಚೆನ್ನಾಗಿ ಸಾಕ್ಷಿ ಹೇಳಿದಳು. ಕೈಗಳನ್ನು ಮುಂದಿಟ್ಟಳು. ಕೃಪೆ ಸುಮ್ಮನೆ ಸಿಕ್ಕಿತು, ನನ್ನ ಯೋಗ್ಯತೆ ನೋಡಿ ಅಲ್ಲ ಎಂದಳು. ಒಬ್ಬ ಮುದುಕ ನನ್ನಂಥವರ ಎಂಜಲು ಕುಡಿದದ್ದನ್ನು ನೋಡಿ ನಾನು ದೇವರನ್ನು ನಂಬಿದೆ ಎಂದಳು. ಈ ಮಾತನ್ನು ಅವಳು ಹಿಂದೆಂದೂ ಹೇಳಿರಲಿಲ್ಲ. ಅತಿಥಿ ಹೆಂಗಸು ಕರವಸ್ತ್ರ ತೆಗೆದಳು. ಸಭೆ ಆಮೆನ್ ಎಂದಿತು. ಜ್ಞಾನಮಿತ್ರ ಅಯ್ಯನವರು ಮಾತ್ರ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು.

ಆಮೇಲೆ ಕರ್ತನ ಭೋಜನ. ಅತಿಥಿಗಳು ಮೊದಲು, ಹಿರಿಯರು ಆಮೇಲೆ, ಹೆಂಗಸರು, ಹರೆಯದವರು, ಎಲ್ಲ ಆಗಿ ಕೊನೆಗೆ ಪಟಾಲಮ್ಮ. ಮೊಣಕಾಲೂರಿ ಬಟ್ಟಲನ್ನು ಎರಡೂ ಮುಂಗೈಗಳ ನಡುವೆ ಒತ್ತಿ ಹಿಡಿದು ತುಟಿಗಿಟ್ಟಳು. ಒಂದು ಗುಟುಕು ಆಯಿತು, ಇನ್ನೊಂದು ಆಯಿತು. ಅಯ್ಯನವರು ಕೈ ಚಾಚಿದರು. ಅವಳು ಬಿಡಲಿಲ್ಲ. "ಸಾಕಮ್ಮ," ಎಂದು ಪಿಸುಗುಟ್ಟಿದರು. ಅವಳು ಕುಡಿಯುತ್ತಲೇ ಇದ್ದಳು. ತಳದವರೆಗೂ ಕುಡಿದು ಬಟ್ಟಲನ್ನು ಅವರ ಕೈಗಿತ್ತಳು.

"ಚೆಲ್ಲಾಕೆ ಏನೂ ಉಳ್ಸಿಲ್ಲ ಅಯ್ಯನೋರೆ."

ದನಿ ಏರಿಸಿ ಹೇಳಲಿಲ್ಲ, ಆದರೂ ದೇವಾಲಯ ಚಿಕ್ಕದು, ಎಲ್ಲರಿಗೂ ಕೇಳಿಸಿತು. ಅತಿಥಿ ಗಂಡಸು ಅವಳು ಏನಂದಳು ಎಂದು ಪಕ್ಕದವರನ್ನು ಕೇಳಿದ. ಪಕ್ಕದವರು ದೇವರಿಗೆ ಸ್ತೋತ್ರ ಹೇಳಿದಳು ಎಂದರು.

ಇನ್ನು ಕಟ್ಟಳೆಯ ಪ್ರಕಾರ ಬಟ್ಟಲಿಗೆ ನೀರು ಹಾಕಿ ಅಲುಗಿಸಿ ಅಯ್ಯನವರು ಕುಡಿಯಬೇಕು. ಬೆನ್ನು ತಿರುಗಿಸುವಂತಿರಲಿಲ್ಲ, ಇಡೀ ಸಭೆ ನೋಡುತ್ತಿತ್ತು. ಅವಳೂ ಏಳದೆ ಅಲ್ಲೇ ಮೊಣಕಾಲೂರಿ ನೋಡುತ್ತಿದ್ದಳು. ಅವರು ನೀರು ಹಾಕಿದರು, ಅಲುಗಿಸಿದರು. ಎದೆಯ ಮಟ್ಟಕ್ಕೆ ತಂದರು. ಆಗ ಅವಳಿಗೆ ಹಟವಿರಲಿಲ್ಲ, ಸೇಡಿರಲಿಲ್ಲ. ಕುಡಿದುಬಿಡಲಿ ತಂದೆ, ಇವರು ಒಂದು ಸಲ ಕುಡಿದುಬಿಡಲಿ, ಎಲ್ಲ ಮರೆತುಬಿಡುತ್ತೇನೆ ಎಂದು ಒಳಗೇ ಬೇಡಿಕೊಂಡಳು. ತನಗೆ ರೋಗ ವಾಸಿಯಾಗಲಿ ಎಂದು ಕೂಡ ಅವಳು ಇಷ್ಟು ಬೇಡಿರಲಿಲ್ಲ.

ಅಯ್ಯನವರ ಕಣ್ಣು ಸುಗುಣಮ್ಮನ ಕಡೆ ಹೋಯಿತು, ಮಕ್ಕಳ ಕಡೆ ಹೋಯಿತು. ಬಟ್ಟಲನ್ನು ಮೇಜಿನ ಮೇಲಿಟ್ಟು ಬಿಳಿ ವಸ್ತ್ರ ಮುಚ್ಚಿದರು. "ಪ್ರಾರ್ಥಿಸೋಣ," ಎಂದರು. ಎಲ್ಲರೂ ಬೇಗ ಬೇಗ ಕಣ್ಣು ಮುಚ್ಚಿಕೊಂಡರು.

ಜನ ಚಹಾಕ್ಕೆ ಹೊರಗೆ ಹೋದ ಮೇಲೆ ಪಟಾಲಮ್ಮ ಮೇಜಿನ ಹತ್ತಿರ ಹೋದಳು. ವಸ್ತ್ರ ಸರಿಸಿ, ಬಟ್ಟಲಿನ ತಳದ ತಿಳಿಗೆಂಪು ನೀರನ್ನು ತಾನೇ ಕುಡಿದಳು. ಅದನ್ನು ಮಣ್ಣುಪಾಲು ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಕೃಪೆ ಸುಳ್ಳಲ್ಲ ಎಂದು ಅವಳಿಗೆ ಈಗಲೂ ಗೊತ್ತಿತ್ತು. ದೇವರ ಲೆಕ್ಕದಲ್ಲಿ ತಾನು ಮನುಷ್ಯಳೇ, ಅನುಮಾನವಿಲ್ಲ. ಆದರೆ ಆ ಲೆಕ್ಕ ಭೂಮಿಗೆ ಇಳಿಯಬೇಕಾದರೆ ಒಬ್ಬ ಮನುಷ್ಯನ ಬಾಯಿ ಬೇಕು, ಆ ಒಂದು ಬಾಯಿ ಈ ಹೆಬ್ಬಾಳದಲ್ಲಿ ಹುಟ್ಟಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಬಾಯೆಲ್ಲ ಕಹಿಯಾಗಿತ್ತು.

ದಾನಿಯೇಲಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದರು. ಅವರ ಮುಖದಲ್ಲಿ ಸಮಾಧಾನವಿತ್ತು, ಕಷ್ಟವೊಂದನ್ನು ಬಗೆಹರಿಸಿ ಬಂದವರ ಹಾಗಿದ್ದರು.

"ಆಗಿದ್ದು ಆಗೋಯ್ತು, ಮನಸ್ಸಿಗೆ ಹಚ್ಕೋಬೇಡ. ಅತಿಥಿಗಳ ಹತ್ರ ಮಾತಾಡಿದೀನಿ. ಅವರ ಊರಲ್ಲಿ ಈಗ ಪುಟ್ಟ ಪುಟ್ಟ ಗಾಜಿನ ಲೋಟ ಬಂದಿದಾವಂತೆ, ಒಬ್ಬೊಬ್ಬರಿಗೆ ಒಂದು. ನಮಗೂ ಕಳಿಸ್ತಾರೆ. ಇನ್ನು ಯಾರಿಗೂ ತೊಂದರೆ ಇಲ್ಲ."

"ನಂಗೂ ಒಂದಾ?"

"ನಿಂಗೂ ಒಂದು ಕಣಮ್ಮ, ಇಲ್ಲದೆ ಏನು? ಗುರುತು ಹಾಕಿ ಬೇರೆ ಇಡೋಣ." ಹೇಳಿ ಅವರು ಹೊರಡಲು ತಿರುಗಿದವರು, ನೆನಪಾಗಿ ನಿಂತರು. "ಅಂದ ಹಾಗೆ, ಬರೋ ತಿಂಗಳು ಇನ್ನೊಂದಷ್ಟು ಜನ ಬರ್ತಿದಾರೆ. ಇವತ್ತು ಹೇಳಿದ್ಯಲ್ಲ, ಆ ಮುದುಕರ ವಿಷಯ, ಅದು ಬಹಳ ಚೆನ್ನಾಗಿತ್ತು. ಅದನ್ನೇ ಹೇಳು."

ಪಟಾಲಮ್ಮ ಬಟ್ಟಲನ್ನು ತನ್ನ ಸೆರಗಿನಿಂದ ಒರೆಸಿ ಮೇಜಿನ ಮೇಲೆ ಇಟ್ಟಳು.

"ಲೋಟ ಬ್ಯಾರೆ ಇಕ್ಕಿದ್‌ಮ್ಯಾಗೆ ಸಾಕ್ಷಿಗೂ ಬ್ಯಾರೆ ಬಾಯಿ ನೋಡ್ಕಳಿ ಗಾರ್ಡಯ್ಯೋರೆ," ಎಂದಳು. "ಈ ಬಾಯಿ ನಿಮ್ಗೆ ಆಗ್ಬರಾಕಿಲ್ಲ."